ಒಂದೇ ತಂತಿ, ಇಡೀ ರಾತ್ರಿ

ಇಷ್ಟು ದಿನ ನನ್ನ ಕಿವಿ ಎಲ್ಲಿತ್ತು ಮಾರಾಯ್ರೆ? ಇಯರ್‌ಫೋನಿನ ಒಳಗೆ! ಯಾರೂ ಕೇಳದ ಇಂಡಿ ಬ್ಯಾಂಡುಗಳನ್ನು ಹುಡುಕಿ ಕೇಳುವ ಚಟ ನನಗೆ. ಷರೀಫಜ್ಜನ ಪದಕ್ಕೆ ಗಿಟಾರು ಕೂಡಿಸಿದ ರಘು ದೀಕ್ಷಿತ್, ಸ್ವರಾತ್ಮ ತಂಡ ಎಂದೆಲ್ಲ ಗೆಳೆಯರೆದುರು ಕೊಚ್ಚಿಕೊಳ್ಳುತ್ತಿದ್ದೆ. ಭರತ ಹುಣ್ಣಿಮೆಯ ಜಾತ್ರೆಗೆಂದು ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗದ ಮೆಟ್ಟಿಲು ಹತ್ತಿದೆ ನೋಡಿ, ಜಂಬವೆಲ್ಲ ಅಲ್ಲೇ ಇಳಿಯಿತು.

ಡುಂಯ್, ಡುಂಯ್, ಡುಂಯ್!

ಬೇಸ್ ಗಿಟಾರ್ ಇಲ್ಲಿಗೆ ಹೇಗೆ ಬಂತು ಎಂದು ತಿರುಗಿದರೆ, ಹಣೆ ತುಂಬ ಭಂಡಾರ ಬಳಿದುಕೊಂಡ ಜೋಗತಿಯೊಬ್ಬರ ಕಂಕುಳಲ್ಲಿ ಚೌಡಿಕೆ. ಸೇರಿನಂಥ ಟೊಳ್ಳು ಕಟ್ಟಿಗೆ, ಅದರ ಒಂದು ಬಾಯಿಗೆ ಬಿಗಿದ ತೊಗಲು, ತೊಗಲ ನಡುವಿನಿಂದ ಪಕ್ಕದ ಕೋಲಿಗೆ ಎಳೆದ ಒಂದೇ ತಂತಿ. ಇಷ್ಟೇ! ಬಲಗೈ ಮೀಟುತ್ತಿದೆ, ಎಡಗೈ ಕೋಲನ್ನು ಸ್ವಲ್ಪ ಅದುಮಿದರೆ ಸ್ವರ ಬಾಗುತ್ತದೆ, ಬಿಟ್ಟರೆ ನರಳುತ್ತ ಮೇಲೇಳುತ್ತದೆ. ಮಿಸಿಸಿಪ್ಪಿ ಸೀಮೆಯ ಕರಿಯ ಜನ ಮನೆಗೋಡೆಗೆ ಒಂಟಿ ತಂತಿ ಬಿಗಿದು ಬಾರಿಸುತ್ತಿದ್ದರಂತೆ, ಎಷ್ಟೋ ಬ್ಲೂಸ್ ಗಿಟಾರಿಗರ ಕೈ ಪಳಗಿದ್ದು ಅದರ ಮೇಲೇ. ಆ ಸದ್ದಿನ ಅಕ್ಕ ಇಲ್ಲಿದ್ದಾಳೆ! ಮುಂದಿನವರು ಒಂದು ನುಡಿ ಎಸೆಯುತ್ತಾರೆ, ತಾಳ ಹಿಡಿದ ಹಿಂದಿನವರು ಅದನ್ನು ಕೆಳಗೆ ಬೀಳಗೊಡದೆ ಎತ್ತಿಕೊಳ್ಳುತ್ತಾರೆ. ಇದೇ ಎಸೆತ, ಇದೇ ಹಿಡಿತ ಅಮೆರಿಕದ ಕರಿಯರ ಚರ್ಚುಗಳಿಂದ ಹೊರಬಿದ್ದಾಗ ಜಗತ್ತು ಅದನ್ನು ಸೋಲ್ ಎಂದಿತು.

‘ಎಷ್ಟು ಹಾಡು ಬರ್ತಾವವ್ವಾ?’ ಎಂದೆ.

‘ಬೆಳಗಾಗೋ ತನ ಹಾಡೇನಪ್ಪ. ಎಣಿಸಿದೋರು ಯಾರು?’

ಈ ಬಳಗದಿಂದಲೇ ಬಂದವರು ಮಂಜಮ್ಮ ಜೋಗತಿ. ಕಾಳವ್ವ ಜೋಗತಿಯವರ ಮೇಳದಲ್ಲಿ ಹಾಡಿ ಕುಣಿದವರು, ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ಪಡೆಯಲು ಹೋದಾಗ ಸೆರಗು ಬೀಸಿ ರಾಷ್ಟ್ರಪತಿಗಳಿಗೇ ದೃಷ್ಟಿ ತೆಗೆದರಲ್ಲ, ಅವರೇ! ಕಲಬುರಗಿ ಕಡೆಯ ಶಿಲ್ಪಾ ಮುಡಬಿ ಜೋಗತಿಯರ ದೇವಿ ಎಲ್ಲಮ್ಮನ ಹಾಡುಗಳನ್ನು ಕಲಿತು ಚೌಡಿಕೆಯನ್ನು ನಗರದ ವೇದಿಕೆಗೆ ಒಯ್ದಿದ್ದಾರೆ. ಸರಿ. ಆದರೆ ಗುಡ್ಡದ ಬಂಡೆಯ ಮೇಲೆ ಕೂತು ಕೇಳುವುದೇ ಬೇರೆ.

ಒಮ್ಮೆ ಕಿವಿ ತೆರೆಯಿತೋ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡುಗಳಲ್ಲೂ ಬರೀ ಹಾರ್ನ್ ಕೇಳಿಸುವುದಿಲ್ಲ. ಕರಿಕಂಬಳಿ, ಕರಡಿ ಕೂದಲ ಟೊಪ್ಪಿಗೆ, ಒಂದು ಕೈಲಿ ಡಮರು, ಇನ್ನೊಂದರಲ್ಲಿ ಪಿಳ್ಳಂಗೋವಿ: ಗೊರವಯ್ಯ! ಹೂವಿನಹಡಗಲಿ ತಾಲೂಕಿನ ಮೈಲಾರದ ಜಾತ್ರೆಗೆ ಹೋಗಿ ನೋಡಿ. ಡೆಂಕನಮರಡಿಯಲ್ಲಿ ಡಮರುಗಳ ಗದ್ದಲ ಕಿವಿಗಡಚಿಕ್ಕುತ್ತಿರುತ್ತದೆ. ಕಾರಣಿಕ, ಅಂದರೆ ಭವಿಷ್ಯ, ನುಡಿಯುವ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಲಕ್ಷಗಟ್ಟಲೆ ಜನ ಗಪ್‌ಚಿಪ್! ಒಂದೇ ಸಾಲು ನುಡಿದು ಬಿಲ್ಲಿನಿಂದ ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಜನರ ಮೇಲೆ ಬೀಳುವ ರಾಕ್ ಗಾಯಕರನ್ನು ವಿಡಿಯೋದಲ್ಲಿ ಬೇಕಾದಷ್ಟು ನೋಡಿದ್ದೇನೆ. ಬೀಳುವ ಮುಂಚೆ ಇಂಥ ಮೌನ ಯಾರಿಗೆ ಸಿಕ್ಕೀತು?

ಇನ್ನು ಹರಪನಹಳ್ಳಿ ಭೀಮವ್ವ. 19ನೇ ಶತಮಾನದ ಹೆಣ್ಣುಮಗಳು, ಹಾಡು ಕಟ್ಟಿದವರೂ ಹಾಡಿದವರೂ ಅವರೇ. ಸಭೆಯಿಲ್ಲ, ಆಸ್ಥಾನವಿಲ್ಲ. ಪ್ರತಿ ಹಾಡಿನ ಕೊನೆಗೆ ‘ಭೀಮೇಶಕೃಷ್ಣ’ ಎಂಬ ಅಂಕಿತ. ಕಾಪಿರೈಟ್ ಎಂದರೇನೆಂದು ಕೇಳದ ಹೆಂಗಸರು ಆ ಅಂಕಿತವನ್ನು ಬಿಡದೆ ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದಿದ್ದಾರೆ. ಇದಕ್ಕಿಂತ ಗಟ್ಟಿ ರೆಕಾರ್ಡಿಂಗ್ ಯಾವುದಿದೆ ಹೇಳಿ!

ಕೂಡ್ಲಿಗಿಯ ನೆರೆಯ ಸಂಡೂರು ತಾಲೂಕಿನ ದರೋಜಿ ಈರಮ್ಮ ಅಕ್ಷರ ಕಲಿಯದೆಯೇ ಹನ್ನೆರಡು ಬುರ್ರಕಥೆಗಳನ್ನು ತಲೆಯಲ್ಲಿಟ್ಟುಕೊಂಡಿದ್ದರು, ಕುಮಾರರಾಮನದೂ ಸೇರಿ. ಹಂಪಿ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು. ನಾನು ಅವರ ಹೆಸರು ಕೇಳುವ ಹೊತ್ತಿಗೆ ಅವರಿರಲಿಲ್ಲ, 2014ರಲ್ಲೇ ಹೋಗಿಬಿಟ್ಟಿದ್ದರು. ಈ ಸಂಕಟ ಇನ್ನೂ ಹೋಗಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಮುಂದಿನ ಭರತ ಹುಣ್ಣಿಮೆಗೆ ಹರಪನಹಳ್ಳಿಯಲ್ಲಿಳಿದು ಉಚ್ಚಂಗಿದುರ್ಗದ ಬಸ್ಸು ಹಿಡಿಯಿರಿ. ಫೋನು ಕಿಸೆಯಲ್ಲೇ ಇರಲಿ. ಚೌಡಿಕೆ ಕೇಳಿದ ಕಡೆ ಕೂತುಬಿಡಿ, ಏಳುವಾಗ ಜೋಗತಿಯವರ ಪಡಲಗಿಗೆ ನೋಟು ಹಾಕಿ. ಚಿಲ್ಲರೆ ಬೇಡ.