ಮರದ ಹಲಗೆ ಸೀಳು ಬಿಟ್ಟರೆ ಫೆವಿಕಾಲ್, ಹೊಟ್ಟು ಮೆತ್ತಿದರೆ ಸಾಕೇ?

ಹೊಲದಲ್ಲಿ ಬಿದ್ದ ಬೇವಿನ ಮರವನ್ನು ಸಾಮಿಲ್‌ನಲ್ಲಿ ಹಲಗೆ ಮಾಡಿಸಿ ತಂದಿರುತ್ತೀರಿ. ಟೀಪಾಯಿ ಮಾಡಿಸುವಷ್ಟರಲ್ಲಿ ತುದಿಯಲ್ಲಿ ಬಿರುಕು! ಆಗ ಕೇಳಿಬರುವ ಮಾತುಗಳು ಮೂರು: "ಮರವೇ ಸರಿಯಿಲ್ಲ", "ಸೀಳಿದ ಮರ ಅಪಶಕುನ, ಒಲೆಗೆ ಹಾಕಿ", "ಫೆವಿಕಾಲಿಗೆ ಮರದ ಹೊಟ್ಟು ಕಲಸಿ ಮೆತ್ತಿ". ಮೊದಲ ಎರಡಕ್ಕೆ ಆಧಾರವಿಲ್ಲ. ಮೂರನೆಯದು ಅರ್ಧ ಸತ್ಯ. ಅವಸರಪಟ್ಟರೆ ಹಲಗೆಯೂ ಹಾಳು, ಕೂಲಿಯೂ ದಂಡ.

ಬಿರುಕು ಏಕೆ ಬರುತ್ತದೆ?

ಬ್ಯಾಡಗಿ ಮೆಣಸಿನಕಾಯಿಯನ್ನು ನೆನಪಿಸಿಕೊಳ್ಳಿ. ಒಣಗಿದಾಗ ಅದರ ಸಿಪ್ಪೆ ಸುಕ್ಕುಗಟ್ಟುತ್ತದೆ. ನೀರು ಹೋದ ಮರವೂ ಹಾಗೆಯೇ ಕುಗ್ಗುತ್ತದೆ. ಆದರೆ ಗಟ್ಟಿಯಾದ ಮರ ಸುಕ್ಕಾಗಲಾರದು, ಹಾಗಾಗಿ ಸೀಳುತ್ತದೆ.

ಮರದ ತೇವಾಂಶ ಸುಮಾರು ಶೇ. 30ಕ್ಕಿಂತ ಕೆಳಗಿಳಿದಾಗ ಕುಗ್ಗುವಿಕೆ ಶುರು. ಬೆಳವಣಿಗೆಯ ಉಂಗುರಗಳ ಸುತ್ತ ಅದು ಕುಗ್ಗುವ ಪ್ರಮಾಣ, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಈ ಎಳೆದಾಟಕ್ಕೆ ತಿರುಳಿನ ಕಡೆಗೆ ಸೀಳು ಬೀಳುತ್ತದೆ. ಜೊತೆಗೆ, ಹಲಗೆಯ ಕೊಯ್ದ ತುದಿಗಳು ಉಳಿದ ಭಾಗಕ್ಕಿಂತ ಬಹಳ ಬೇಗ ಒಣಗುತ್ತವೆ. ಅದಕ್ಕೇ ಬಿರುಕು ಮೊದಲು ಕಾಣುವುದು ಅಲ್ಲೇ. ಹಾವೇರಿಯ ಏಪ್ರಿಲ್ ಬಿಸಿಲಿಗೆ ಹಸಿ ಹಲಗೆ ಒಡ್ಡಿದರೆ ಇದು ಇನ್ನೂ ಜೋರು.

ರಾಣೆಬೆನ್ನೂರು ಕಡೆ ಹೆಚ್ಚಾಗಿ ಕಾಣುವ ನೀಲಗಿರಿಯಲ್ಲಿ ಇನ್ನೊಂದು ಕಾರಣವೂ ಇದೆ. ಬೆಳೆಯುವಾಗಲೇ ಕಾಂಡದೊಳಗೆ ಬಿಗಿತ ಕೂಡಿರುತ್ತದೆ. ಕಡಿದ ಕೂಡಲೇ ಆ ಬಿಗಿತ ಬಿಡುಗಡೆಯಾಗಿ, ಒಣಗುವ ಮೊದಲೇ ದಿಮ್ಮಿಯ ತುದಿ ಸೀಳಬಹುದು. ಇದು ಆ ಮರದ ಗುಣ, ಕೊಯ್ದವರ ತಪ್ಪಲ್ಲ.

ಮೆತ್ತುವ ಮೊದಲು ಎರಡು ಪರೀಕ್ಷೆ

1. ಬಿರುಕು ನಿಂತ ಜಾಗದಲ್ಲಿ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಿರಿ. ಗೆರೆ ದಾಟಿದರೆ ಹಲಗೆ ಇನ್ನೂ ಒಣಗುತ್ತಿದೆ.
2. ಹಲಗೆಯನ್ನು ವಾರಕ್ಕೊಮ್ಮೆ ತೂಗಿ. ಕೆಲವು ವಾರ ತೂಕ ಇಳಿಯದೆ ನಿಂತರೆ ಒಣಗಿದೆ ಎಂದರ್ಥ. ಮಳೆಗಾಲದ ತೂಕ ಮಾತ್ರ ನಂಬಬೇಡಿ, ಮರ ಗಾಳಿಯ ತೇವವನ್ನೂ ಹೀರುತ್ತದೆ.

ಹಸಿ ಹಲಗೆಗೆ ಮೆತ್ತಿದರೆ ಮರ ಮತ್ತೆ ಕುಗ್ಗಿ, ಮೆತ್ತಿದ್ದು ಕಿತ್ತುಬರುತ್ತದೆ ಇಲ್ಲವೇ ಪಕ್ಕದಲ್ಲೇ ಹೊಸ ಬಿರುಕು ಬೀಳುತ್ತದೆ. ನೀರಲ್ಲಿ ನೆನೆಸಿದರೆ ಸೀಳು ಮುಚ್ಚಿದಂತೆ ಕಂಡರೂ ಒಣಗಿದಾಗ ಮತ್ತೆ ಬಾಯಿ ಬಿಡುತ್ತದೆ.

ಒಣಗಿದ ಮೇಲೆ ಏನು ಮಾಡಬೇಕು?

- ಕೂದಲೆಳೆಯಂಥ ಬಿರುಕು: ಅದೇ ಮರದ ಹೊಟ್ಟು, ಫೆವಿಕಾಲ್ ಸಾಕು.
- ಅಗಲವಾದ ಬಿರುಕು: ಎಪಾಕ್ಸಿ ತುಂಬಬಹುದು. ಕೈಗವಸು ಹಾಕಿ, ಗಾಳಿಯಾಡುವಲ್ಲಿ ಕೆಲಸ ಮಾಡಿ. ಉಜ್ಜುವಾಗ ಮಾಸ್ಕ್ ಇರಲಿ.
- ಮುಂದೆ ಬೆಳೆಯಬಹುದಾದ ಬಿರುಕು: ಚಿಟ್ಟೆಯಾಕಾರದ ಗಟ್ಟಿ ಮರದ ತುಂಡನ್ನು ಬಿರುಕಿಗೆ ಅಡ್ಡಲಾಗಿ ಕೂರಿಸಬೇಕು. ತುಂಡಿನ ನಾರು ಬಿರುಕನ್ನು ಅಡ್ಡ ದಾಟಬೇಕು. ಇದನ್ನು ಬಡಿಗೇರರಿಂದ ಮಾಡಿಸಿ.
- ಕುರ್ಚಿ, ಮಂಚದ ಕಾಲಿಗೆ ಬರುವ ಸೀಳು: ರಿಪೇರಿ ಬೇಡ, ಆ ಭಾಗ ಕತ್ತರಿಸಿ ತೆಗೆಯಿರಿ. ಭಾರ ಹೊರುವ ಜಾಗದಲ್ಲಿ ಮುರಿದರೆ ಪೆಟ್ಟಾಗುವುದು ಮನುಷ್ಯರಿಗೆ.

ಹಲಗೆಯನ್ನು ಕಬ್ಬಿಣದ ಚೌಕಟ್ಟಿಗೆ ಸ್ಕ್ರೂ ಬಿಗಿದು ಕಟ್ಟಿಹಾಕಬೇಡಿ. ಚೌಕಟ್ಟಿನ ತೂತು ಉದ್ದವಾಗಿರಲಿ. ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗಲು ಮರಕ್ಕೆ ಜಾಗ ಬೇಕು.

ಬಿರುಕು ಕಡಿಮೆ ಮಾಡುವುದು ಹೇಗೆ?

ಕೊಯ್ದ ದಿನವೇ ಎರಡೂ ತುದಿಗೆ ದಪ್ಪ ಪೇಂಟ್ ಅಥವಾ ಕರಗಿಸಿದ ಮೇಣ ಬಳಿಯಿರಿ. ಒಂದೇ ದಪ್ಪದ ಪಟ್ಟಿಗಳನ್ನು ನಡುವೆ ಇಟ್ಟು ಹಲಗೆಗಳನ್ನು ನೆರಳಲ್ಲಿ ಜೋಡಿಸಿ, ಮೇಲೆ ಭಾರ ಹೇರಿ. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ಅಂದಾಜು ಲೆಕ್ಕ. ಮರ ಮತ್ತು ಹವೆಗೆ ತಕ್ಕಂತೆ ಇದು ಹೆಚ್ಚು ಕಡಿಮೆಯಾಗುತ್ತದೆ.

ಮನೆಯ ಮರ ಕೊಯ್ಯಿಸಲು ಹೊರಟವರಿಗೆ ಇದನ್ನು ಕಳಿಸಿ. ತುದಿಗೆ ಬಳಿಯುವ ಪೇಂಟ್ ಅಗ್ಗ, ಹಾಳಾದ ಹಲಗೆ ದುಬಾರಿ.