ಹಳೆಯ ವಿದ್ಯಾರ್ಥಿಗಳ ಸಂಘ: ಏಕೆ, ಹೇಗೆ?

ಒಂದು ವಿದ್ಯಾಸಂಸ್ಥೆಯ ಸಂಪತ್ತು ಯಾವುದು? ಕಟ್ಟಡವೂ ಗ್ರಂಥಭಂಡಾರವೂ ಸಂಪತ್ತೇ ಸರಿ. ಆದರೆ ಅಲ್ಲಿ ಓದಿ ನಾಡಿನ ಉದ್ದಗಲಕ್ಕೂ ಹರಡಿಕೊಂಡಿರುವ ಹಳೆಯ ವಿದ್ಯಾರ್ಥಿಗಳು ಅದಕ್ಕಿಂತ ಹಿರಿದಾದ ಸಂಪತ್ತು. ಅಮೆರಿಕದ ವಿಲಿಯಮ್ಸ್ ಕಾಲೇಜು ಮುಚ್ಚಿಹೋಗುವ ಭೀತಿಯೊದಗಿದಾಗ, ಅದರ ಹಳೆಯ ವಿದ್ಯಾರ್ಥಿಗಳು 1821ರಲ್ಲಿ ಸಂಘ ಕಟ್ಟಿ ಅದರ ಬೆಂಬಲಕ್ಕೆ ನಿಂತರು.

ನಾನು ರೋಜಾದವನು. ನಮ್ಮ ಮನೆತನದಲ್ಲಿ ಪದವಿ ಪರೀಕ್ಷೆಗೆ ಕುಳಿತವನು ನಾನೇ ಮೊದಲಿಗ. ಬಿ.ಎ. ಮುಗಿದ ಮೇಲೆ ಎಂ.ಎ. ಲೇಸೋ, ಬಿ.ಎಡ್. ಲೇಸೋ? 371(ಜೆ) ವಿಧಿಯ ಪ್ರಮಾಣಪತ್ರಕ್ಕೆ ಯಾವ ಕಾಗದಗಳು ಬೇಕು? ಅಪ್ಪ ಅವ್ವ ಹರಸಬಲ್ಲರು, ಇದನ್ನು ಹೇಳಲಾರರು. ಕಮಲಾಪುರದಿಂದ ಬಸ್ಸಿನಲ್ಲಿ ಬರುವ ನನ್ನ ಸಹಪಾಠಿಗಳಲ್ಲಿ ಅನೇಕರ ಸ್ಥಿತಿಯೂ ಇದೇ. ಇಂಥವರಿಗೆ ಹಳೆಯ ವಿದ್ಯಾರ್ಥಿಯೇ ಮನೆಯ ಹಿರಿಯಣ್ಣ, ಹಿರಿಯಕ್ಕ.

ಹಾಗಾದರೆ ಅವರನ್ನು ಕೂಡಿಸುವುದು ಹೇಗೆ? ಕಲಬುರಗಿಯಲ್ಲಿ ಈ ಕಾರ್ಯಕ್ಕೆ ಒಂದು ವಿಶೇಷ ತೊಡಕುಂಟು. 1956ರವರೆಗೆ ಈ ಜಿಲ್ಲೆ ಹೈದರಾಬಾದು ರಾಜ್ಯದಲ್ಲಿತ್ತು. ಉನ್ನತ ಶಿಕ್ಷಣಕ್ಕೆ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವೇ ಆಶ್ರಯ. ಏಕೀಕರಣದ ತರುವಾಯ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯ; 1980ರಿಂದ ಗುಲಬರ್ಗಾ ವಿಶ್ವವಿದ್ಯಾನಿಲಯ. ಒಂದೇ ಊರಿನ ಪದವೀಧರರ ಹೆಸರುಗಳು ಹೀಗೆ ಮೂರು ಕಡೆ ಚದುರಿವೆ. ಉಸ್ಮಾನಿಯಾದಲ್ಲಿ ಬಹುಕಾಲ ಉರ್ದುವೇ ಬೋಧನಭಾಷೆಯಾಗಿದ್ದುದರಿಂದ ಅಂದಿನ ಕಾಗದಪತ್ರಗಳನ್ನು ಓದಲು ಉರ್ದು ಬಲ್ಲವರು ಬೇಕು. ಅಂಥವರಿಗೆ ನಮ್ಮ ರೋಜಾದಲ್ಲಿ ಬರವಿಲ್ಲ.

ಮೊದಲ ಕೆಲಸ, ಕಾಲೇಜಿನ ಪ್ರವೇಶ ಪುಸ್ತಕಗಳಿಂದ ವರ್ಷವಾರು ಪಟ್ಟಿ ಮಾಡುವುದು. ಹಳೆಯ ವಾರ್ಷಿಕ ಸಂಚಿಕೆಗಳೂ ತರಗತಿಯ ಭಾವಚಿತ್ರಗಳೂ ಇದಕ್ಕೆ ನೆರವಾಗುತ್ತವೆ. ಮದುವೆಯಾದ ಮೇಲೆ ಅನೇಕ ಹೆಣ್ಣುಮಕ್ಕಳ ಅಡ್ಡಹೆಸರೂ ಊರೂ ಬದಲಾಗುತ್ತವೆ. ಆದುದರಿಂದ ತಂದೆಯ ಹೆಸರು, ತವರೂರುಗಳನ್ನೂ ಬರೆದುಕೊಳ್ಳಬೇಕು. ಇಲ್ಲವಾದರೆ ಸಂಘವು ಗಂಡಸರ ಕೂಟವಾಗಿಯೇ ಉಳಿದೀತು. ಪ್ರತಿ ವರ್ಷದ ತಂಡಕ್ಕೂ ಒಬ್ಬ ಪ್ರತಿನಿಧಿಯಿದ್ದರೆ, ಒಬ್ಬರಿಂದ ಹತ್ತು ಜನರ ವಿಳಾಸ ದೊರೆಯುತ್ತದೆ.

ಎರಡನೆಯದು ನೋಂದಣಿ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ ಏಳು ಮಂದಿ ವಯಸ್ಕರು ಕೂಡಿದರೆ ಸಂಘವನ್ನು ನೋಂದಾಯಿಸಬಹುದು. ಆ ಬಳಿಕ ವರ್ಷವರ್ಷವೂ ಸಭೆ ಕರೆದು, ಲೆಕ್ಕಪತ್ರವನ್ನು ಒಪ್ಪಿಸಬೇಕು. ಉದ್ಘಾಟನೆಯ ದಿನದ ಹಾರತುರಾಯಿಗಳಲ್ಲಿ ಹುಟ್ಟಿ ಅಂದೇ ನಿದ್ದೆಹೋಗುವ ಸಂಘಗಳು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ.

ಮೂರನೆಯದು ಕೂಡುವ ಕಾಲ. ಹೋಳಿಯ ಬೆನ್ನಿಗೆ ಬರುವ ಶರಣಬಸವೇಶ್ವರರ ಜಾತ್ರೆಗೂ, ಖ್ವಾಜಾ ಬಂದೇನವಾಜರ ಉರುಸಿಗೂ ಪರಸ್ಥಳದವರು ತಾವಾಗಿಯೇ ಊರಿಗೆ ಬರುತ್ತಾರೆ. ಉರುಸು ಚಾಂದ್ರಮಾನ ಹಿಜರಿ ತಿಂಗಳಿನದಾದ್ದರಿಂದ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಜಾತ್ರೆಯ ಮರುದಿನವನ್ನೇ ಸಮ್ಮೇಳನಕ್ಕೆ ಗೊತ್ತುಮಾಡಿದರೆ ಯಾರಿಗೂ ಹೆಚ್ಚಿನ ಪ್ರಯಾಣದ ಖರ್ಚಿಲ್ಲ.

ಬಂದವರಲ್ಲಿ ಮೊದಲು ಬೇಡಬೇಕಾದುದು ಹಣವನ್ನಲ್ಲ. ಒಂದು ಗಂಟೆಯ ಮಾತನ್ನು. ತಹಶೀಲು ಕಚೇರಿಯವರು, ಉಪಾಧ್ಯಾಯರು, ಬ್ಯಾಂಕಿನವರು, ಒಕ್ಕಲುತನಕ್ಕೆ ಮರಳಿದವರು ತಾವು ನಡೆದ ದಾರಿಯನ್ನು ಹೇಳಲಿ. ಪುಸ್ತಕನಿಧಿ, ಶುಲ್ಕನಿಧಿಗಳು ಆ ಸ್ನೇಹದಿಂದಲೇ ಹುಟ್ಟಿಯಾವು.

ಮಿತ್ರರೇ, ಈ ಪರೀಕ್ಷೆ ಮುಗಿದರೆ ನಾವೂ ಹಳೆಯ ವಿದ್ಯಾರ್ಥಿಗಳೇ. ಅಂತಿಮ ವರ್ಷದವರೆಲ್ಲರೂ ಕಾಲೇಜು ಬಿಡುವ ಮುನ್ನ ಹೆಸರು, ತವರೂರು, ದೂರವಾಣಿಗಳನ್ನು ಒಂದೇ ಪುಸ್ತಕದಲ್ಲಿ ಬರೆದಿಟ್ಟು, ಗ್ರಂಥಪಾಲಕರ ಕೈಗೊಪ್ಪಿಸೋಣ. ಮೊದಲ ಪುಟಕ್ಕೆ ಗೆರೆ ಹಾಕುವ ಕೆಲಸ ನನ್ನದು.