ಕೊನೆ ಗೊತ್ತಿದ್ದರೂ ಕೂರಿಸುವ ಕಥೆ

ಸಂಗ್ಯಾನನ್ನು ಕೊಲ್ಲುತ್ತಾರೆ ಅನ್ನುವುದು ನಮ್ಮ ಕುಂದಗೋಳ ಸೀಮೆಯ ಕೂಸಿಗೂ ಗೊತ್ತು. ಆದರೂ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಅಂದರೆ ಜನ ಕಂಬಳಿ ಹೊದ್ದು ಬೆಳತನಕ ಕೂಡುತ್ತಿದ್ದರು. ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದನ್ನು ಪತ್ತಾರ ಮಾಸ್ತರರು ಆಟವಾಗಿ ಕಟ್ಟಿದರೆಂದು ಹೇಳುತ್ತಾರೆ. ಈರಣ್ಣನ ಹೆಂಡತಿ ಗಂಗಿಯ ಮೇಲೆ ಸಂಗ್ಯಾನಿಗೆ ಮನಸ್ಸಾಗುತ್ತದೆ. ಜೀವದ ಗೆಳೆಯ ಬಾಳ್ಯಾನೇ ಕೊನೆಗೆ ಕೈಕೊಡುತ್ತಾನೆ. ಮುಚ್ಚಿಟ್ಟದ್ದು ಏನೂ ಇಲ್ಲದ ಈ ಕಥೆಯಲ್ಲಿ ಎದೆ ಯಾಕೆ ಹೊಡೆದುಕೊಳ್ಳಬೇಕು?

ಕುಬಿಹಾಳದಲ್ಲಿ ನಮ್ಮ ಕಾಕಾ ಸಣ್ಣಾಟಕ್ಕೆ ಪೇಟಿ ಬಾರಿಸುತ್ತಿದ್ದರು. ಅವರ ಮಗ್ಗುಲಲ್ಲೇ ಕೂತು ಆಟ ನೋಡಿ ಬೆಳೆದವನು ನಾನು. ಬಾಳ್ಯಾ ಗೆಳೆಯನನ್ನು ಕರೆಯಲು ಬರುವ ಹೊತ್ತಿಗೆ ಕಾಕಾ ಪದದ ಓಟ ತಗ್ಗಿಸಿ, ಒಂದೇ ಸ್ವರ ಹಿಡಿದು, ತಿದಿಯನ್ನು ಮೆಲ್ಲಗೆ ಆಡಿಸುತ್ತಿದ್ದರು. ತಬಲಾ ನಿಲ್ಲುತ್ತಿತ್ತು. ಸಂಗ್ಯಾ ನಗುನಗುತ್ತ ಎದ್ದು ಹೊರಟರೆ ಹೆಂಗಸರ ಕಡೆಯಿಂದ ಕೂಗು ಬರುತ್ತಿತ್ತು: “ಹೋಗಬ್ಯಾಡೋ ನನ್ನಪ್ಪಾ, ಅಂವನ ಮಾತ ಕೇಳಬ್ಯಾಡ!” ನೋಡುವವರಿಗೆ ಎಲ್ಲ ಗೊತ್ತು, ಅವನಿಗೆ ಏನೂ ಗೊತ್ತಿಲ್ಲ. ಥ್ರಿಲ್ಲರ್ ಸಿನಿಮಾದ ಮೂಲಸೂತ್ರ ಇದೇ.

ಇದನ್ನೇ ಆಲ್ಫ್ರೆಡ್ ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ತ್ರೂಫೋಗೆ ಬಾಂಬಿನ ಉದಾಹರಣೆ ಕೊಟ್ಟು ವಿವರಿಸಿದ. ಇಬ್ಬರು ಮೇಜಿನ ಮುಂದೆ ಕೂತು ಹರಟುತ್ತಿದ್ದಾರೆ, ಮೇಜಿನ ಕೆಳಗೆ ಬಾಂಬು ಇದೆ. ಅದು ನಮಗೆ ಗೊತ್ತಿರದೆ ಸಿಡಿದರೆ ಹದಿನೈದು ಸೆಕೆಂಡಿನ ಬೆಚ್ಚು. ಮೊದಲೇ ತೋರಿಸಿದರೆ ಹದಿನೈದು ನಿಮಿಷ ಉಸಿರು ಬಿಗಿಹಿಡಿದು ಕೂಡುತ್ತೇವೆ, ಅವರ ಬರೀ ಹರಟೆಯನ್ನೂ ಕಿವಿಗೊಟ್ಟು ಕೇಳುತ್ತೇವೆ.

ಪತ್ತೇದಾರಿ ಕಥೆಗೂ ಥ್ರಿಲ್ಲರಿಗೂ ಇರುವ ವ್ಯತ್ಯಾಸ ಇಲ್ಲೇ ತಿಳಿಯುತ್ತದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಂಥವರ ಕಥೆಯಲ್ಲಿ ಅಪರಾಧ ಆಗಿಹೋಗಿರುತ್ತದೆ. ಯಾರು ಮಾಡಿದರು ಎಂದು ಓದುಗ ಹಿಂದಕ್ಕೆ ಹುಡುಕುತ್ತಾನೆ. ಥ್ರಿಲ್ಲರಿನಲ್ಲಿ ಮುಂದೇನಾಗುತ್ತದೋ ಎಂಬ ಭಯ. ಒಳ್ಳೆಯ ಚಿತ್ರಗಳು ಎರಡನ್ನೂ ಹೆಣೆಯುತ್ತವೆ. ಡಾ. ರಾಜಕುಮಾರ್ ಸಿಐಡಿ 999 ಆಗಿ ಬಂದ, ದೊರೆ–ಭಗವಾನ್ ಜೋಡಿಯ ‘ಜೇಡರ ಬಲೆ’ (1968) ಕನ್ನಡಕ್ಕೆ ಗೂಢಚಾರನ ಕಥೆಯ ರುಚಿ ಹತ್ತಿಸಿತು. ಕಾಶಿನಾಥರ ‘ಅಪರಿಚಿತ’ (1978) ಅಬ್ಬರವಿಲ್ಲದೆ ಅನುಮಾನವನ್ನೇ ಬಂಡವಾಳ ಮಾಡಿಕೊಂಡಿತು.

ಆದರೆ ಈ ಕಸುಬಿನ ವ್ಯಾಕರಣ ಕಲಿಯಬೇಕೆಂದರೆ ನಾನು ತೋರಿಸುವುದು ಸುನೀಲ್ ಕುಮಾರ್ ದೇಸಾಯಿಯವರನ್ನು. 1989ರ ‘ತರ್ಕ’ದಲ್ಲಿ ಇರುವುದು ಒಂದು ಮನೆ, ಒಂದು ಹೆಣ, ಒಬ್ಬ ಹೆಂಗಸು, ಒಳಗೆ ಬಂದ ಒಬ್ಬ ಅಪರಿಚಿತ. ಶಂಕರ್ ನಾಗ್, ವನಿತಾ ವಾಸು, ದೇವರಾಜ್ ನಟಿಸಿದ ಈ ಚಿತ್ರದಲ್ಲಿ ಹಾಡೇ ಇಲ್ಲ. ಹಾಡು ಬಂದರೆ ಪ್ರೇಕ್ಷಕ ಹೊರಗೆ ಹೋಗಿ ಚಹಾ ಕುಡಿದು ಬರುತ್ತಿದ್ದ ಕಾಲ ಅದು. ಆ ಬಾಗಿಲನ್ನೇ ದೇಸಾಯಿ ಮುಚ್ಚಿದರು. ಅಗಾಥಾ ಕ್ರಿಸ್ಟಿಯ ನಾಟಕದ ನೆರಳು ಅದರ ಮೇಲಿದೆ, ನಿಜ. ಆದರೂ ಆ ಮನೆಯ ಮೌನ ದೇಸಾಯಿಯವರದೇ.

ಮುಂದೆ ಅವರು ‘ನಿಷ್ಕರ್ಷ’ದಲ್ಲಿ ಬಹುಮಹಡಿ ಕಟ್ಟಡದೊಳಗೆ ಒತ್ತೆಯಾಳುಗಳನ್ನು ಕೂಡಿಹಾಕಿ, ಕಮಾಂಡೋ ವಿಷ್ಣುವರ್ಧನ್ ಅವರನ್ನು ಒಳಗೆ ಬಿಟ್ಟರು. ಜಾಗ ಕಿರಿದು, ಹೊತ್ತು ಕಡಿಮೆ, ಹೊರಗಿನ ಸಹಾಯ ದೂರ: ಈ ಮೂರೂ ಸೇರಿದರೆ ಬಿಗಿ ತಾನಾಗಿ ಬರುತ್ತದೆ. ‘ಬೆಳದಿಂಗಳ ಬಾಲೆ’ (1995) ಇನ್ನೂ ದೊಡ್ಡ ಸಾಧನೆ. ಯಂಡಮೂರಿ ವೀರೇಂದ್ರನಾಥರ ಕಾದಂಬರಿ ಆಧರಿಸಿದ ಆ ಚಿತ್ರದಲ್ಲಿ ಚೆಸ್ ಆಟಗಾರನಾದ ಅನಂತನಾಗ್ ಫೋನಿನಲ್ಲಿ ಕೇಳುವ ಹೆಣ್ಣುದನಿಯ ಬೆನ್ನು ಹತ್ತುತ್ತಾರೆ. ಕತ್ತಿಯಿಲ್ಲ, ಬಂದೂಕಿಲ್ಲ, ಆದರೂ ಕುತೂಹಲ ಸಡಿಲಾಗುವುದಿಲ್ಲ.

ಈಚಿನವರು ಈ ಸೂತ್ರಗಳನ್ನು ನಮ್ಮ ನಿತ್ಯದ ಬದುಕಿಗೆ ತಂದರು. ಪವನ್ ಕುಮಾರ್ ಅವರ ‘ಯು ಟರ್ನ್’ (2016) ಹುಟ್ಟುವುದು ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯ ಮೇಲೆ. ಬೈಕಿನವರು ಕಾಂಕ್ರೀಟ್ ಕಲ್ಲು ಸರಿಸಿ ಅಡ್ಡದಾರಿಯಲ್ಲಿ ತಿರುಗುತ್ತಾರೆ, ಸರಿಸಿದ ಕಲ್ಲನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ದಿನಾ ನಾವೂ ಮಾಡುವಂಥ ಸಣ್ಣ ತಪ್ಪು. ಅದರ ಬೆಲೆ ಏನೆಂದು ತೋರಿಸುತ್ತ ಹೋದಂತೆ ಪ್ರೇಕ್ಷಕ ತನ್ನನ್ನೇ ವಿಚಾರಿಸಿಕೊಳ್ಳುತ್ತಾನೆ. ಹೇಮಂತ್ ರಾವ್ ಅವರ ‘ಕವಲುದಾರಿ’ (2019) ತನಿಖೆಯನ್ನು ಕೊಡುವುದು ಅದರ ಅಧಿಕಾರವೇ ಇಲ್ಲದ ಟ್ರಾಫಿಕ್ ಪೊಲೀಸನ ಕೈಗೆ. ಮೆಟ್ರೋ ಕೆಲಸದಲ್ಲಿ ನೆಲ ಅಗೆದಾಗ ಸಿಕ್ಕ ಎಲುಬುಗಳು ಅವನಿಗೆ ನಿದ್ದೆ ಕೊಡುವುದಿಲ್ಲ. ಅಧಿಕಾರ ಇಲ್ಲದವನ ಹಟಕ್ಕೆ ನಾವು ಬೇಗ ಮನಸೋಲುತ್ತೇವೆ.

ಇನ್ನೊಂದು ನಿಯಮವನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ: ಪ್ರೇಕ್ಷಕನಿಗೆ ಮೋಸ ಮಾಡಬಾರದು. ದಾರಿ ತಪ್ಪಿಸಬಹುದು, ಸುಳ್ಳು ಸುಳಿವು ಕೊಡಬಹುದು, ಒಳ್ಳೆಯವನ ಮೇಲೆ ಅನುಮಾನ ಹುಟ್ಟಿಸಬಹುದು. ಆದರೆ ಅಪರಾಧಿ ಕೊನೆಯ ರೀಲಿನಲ್ಲಿ ಆಕಾಶದಿಂದ ಇಳಿಯಬಾರದು. ಅವನು ಮೊದಲಿಂದಲೂ ನಮ್ಮ ಕಣ್ಣೆದುರೇ ಓಡಾಡಿಕೊಂಡಿರಬೇಕು. ಗುಟ್ಟು ಬಯಲಾದ ಮೇಲೆ ಹಳೆಯ ದೃಶ್ಯ ಒಂದೊಂದೂ ಹೊಸ ಅರ್ಥ ಪಡೆಯಬೇಕು.

ಈಗ ನಮ್ಮೂರ ಹುಡುಗರೂ ಮೊಬೈಲಿನಲ್ಲಿ ಕಿರುಚಿತ್ರ ತೆಗೆಯುತ್ತಾರೆ. ಕಥೆ ಹಿಡಿದು ಬಂದವರು ಮೊದಲು ಹೇಳುವುದು ಕೊನೆಯ ತಿರುವು. “ತಿರುವು ಇರಲೆಪಾ, ಸಾಯೋ ಮನಿಷ್ಯಾ ಯಾರು? ಅಂವಾ ಸತ್ತರ ಅಳಾವರು ಯಾರು?” ಎಂದು ನಾನು ಕೇಳುತ್ತೇನೆ. ಅದಕ್ಕೆ ಉತ್ತರ ಬರೆದುಕೊಂಡು ಬಂದವರ ಕಥೆ ಮಾತ್ರ ನಿಂತಿದೆ. ಯಾಕೆಂದರೆ ಭಯ ಹುಟ್ಟುವುದು ಕತ್ತಲೆಯಿಂದಲೋ ಸಂಗೀತದಿಂದಲೋ ಅಲ್ಲ, ಮಮತೆಯಿಂದ. ನಮಗೆ ಬೇಕಾದವರು ಗಂಡಾಂತರದ ಕಡೆಗೆ ನಡೆದಾಗಲೇ ನಾವು ಕುರ್ಚಿಯ ಅಂಚಿಗೆ ಬರುತ್ತೇವೆ. ಆದ್ದರಿಂದ ಮೊದಲು ಮನುಷ್ಯನನ್ನು ಬರೆಯಿರಿ, ಆಮೇಲೆ ಕೊಲೆಯನ್ನು.